ಲಂಡನ್ನಿನಲ್ಲಿ ನಾಲ್ಕು ದಿನ: ಯಾವ ಮ್ಯೂಸಿಯಂ ನೋಡಬೇಕು, ಯಾವುದನ್ನು ಬಿಡಬಹುದು?

ಪ್ರಶ್ನೆ: ಮಗನ ಘಟಿಕೋತ್ಸವಕ್ಕೆಂದು ಲಂಡನ್‌ಗೆ ಹೊರಟಿದ್ದೇವೆ. ಕಾರ್ಯಕ್ರಮ ಮುಗಿದ ಮೇಲೆ ನಾಲ್ಕು ದಿನ ಕೈಯಲ್ಲಿರುತ್ತದೆ. ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗಳು. ಯಜಮಾನರಿಗೆ ಮಂಡಿನೋವು, ತುಂಬ ಹೊತ್ತು ನಿಲ್ಲಲಾರರು. ಅವರಿವರು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು ಪಟ್ಟಿ ಹತ್ತೊಂಬತ್ತಕ್ಕೆ ಮುಟ್ಟಿದೆ. ಇದರಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು? ಟಿಕೆಟ್ ಇಟ್ಟು ನಡೆಸುವ ವಿಶೇಷ ಪ್ರದರ್ಶನಗಳಿಗೆ ದುಡ್ಡು ಕೊಡುವುದು ದಂಡವೇ?

ಉತ್ತರ: ನಿಮ್ಮ ಪಟ್ಟಿಯಲ್ಲಿ ಇರುವುದು ಮ್ಯೂಸಿಯಂಗಳ ಹೆಸರು. ಅದನ್ನು ಪಕ್ಕಕ್ಕಿಟ್ಟು, ಕಣ್ಣಾರೆ ನೋಡಬೇಕೆನ್ನಿಸುವ ವಸ್ತುಗಳ ಹೆಸರು ಬರೆಯಲು ಕೂತುಕೊಳ್ಳಿ. ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ ಸುಮಾರು 80 ಲಕ್ಷ ವಸ್ತುಗಳಿವೆ. ಜನ ನೋಡಲೆಂದು ಹೊರಗಿಟ್ಟಿರುವುದು ಅದರಲ್ಲಿ ನೂರಕ್ಕೆ ಒಂದು ಪಾಲು, ಅಂದರೆ ಸುಮಾರು 80 ಸಾವಿರ. ಒಂದೊಂದರ ಮುಂದೆ ಒಂದು ನಿಮಿಷ ನಿಂತರೂ ಹಗಲು ರಾತ್ರಿ ಸೇರಿ ಐವತ್ತೈದು ದಿನ ಬೇಕು. ಹಾಗಾಗಿ ಯಾರೇ ಆಗಲಿ ‘ಬ್ರಿಟಿಷ್ ಮ್ಯೂಸಿಯಂ ನೋಡಿ ಬಂದೆವು’ ಅಂದರೆ ಅದರೊಳಗೆ ನಡೆದು ಬಂದರು ಎಂದಷ್ಟೇ ಅರ್ಥ.

ಲಂಡನ್ನಿಗೆ ಬೇರೆ ಎಷ್ಟೋ ದೊಡ್ಡ ನಗರಗಳಿಗಿಲ್ಲದ ಒಂದು ಅನುಕೂಲವಿದೆ. 2001ರ ಡಿಸೆಂಬರ್‌ನಿಂದ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂಗಳ ಶಾಶ್ವತ ಸಂಗ್ರಹಕ್ಕೆಲ್ಲ ಪ್ರವೇಶ ಉಚಿತ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ನ್ಯಾಚುರಲ್ ಹಿಸ್ಟರಿ, ಸೈನ್ಸ್ ಮ್ಯೂಸಿಯಂ, ಟೇಟ್ ಎಲ್ಲವೂ ಇದರಲ್ಲಿ ಬಂದವು. ಬಾಗಿಲಲ್ಲಿ ಕಾಣಿಕೆ ಡಬ್ಬಿ ಇರುತ್ತದೆ, ಹಾಕಲೇಬೇಕೆಂಬ ಒತ್ತಾಯವಿಲ್ಲ. ಆದರೂ ನಮ್ಮ ಪ್ರವಾಸಿಗಳು ಅಲ್ಲಿಯೂ ದುಬಾರಿ ಟಿಕೆಟ್ ಕೊಂಡವರ ಹಾಗೆ ಬೆಳಿಗ್ಗೆ ಹೊಕ್ಕು ಸಂಜೆ ಕಾಲೆಳೆದುಕೊಂಡು ಹೊರಬರುತ್ತಾರೆ. ಅದರ ಅಗತ್ಯವೇ ಇಲ್ಲ. ಮೂರು ವಸ್ತು ನೋಡಿ ಮುಕ್ಕಾಲು ಗಂಟೆಗೆ ಹೊರಬನ್ನಿ, ಪಾರ್ಕಿನ ಬೆಂಚಿನಲ್ಲಿ ಕೂತು ದಣಿವಾರಿಸಿಕೊಳ್ಳಿ, ಮನಸ್ಸಾದರೆ ಮರುದಿನ ಮತ್ತೆ ಹೊಕ್ಕಿ. ನಾನು ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಯಜಮಾನರ ಮಂಡಿಯ ವಿಷಯ ನೀವು ನಡುವೆ ಬರೆದಿದ್ದೀರಿ, ನಾನು ಮೊದಲು ತೆಗೆದುಕೊಳ್ಳುತ್ತೇನೆ. ಮ್ಯೂಸಿಯಂನಲ್ಲಿ ಆಗುವ ಸುಸ್ತು ಬೇರೆಯದೇ ಬಗೆಯದು. ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಇದರ ಬಗ್ಗೆ ಒಂದು ಲೇಖನ ಬರೆದರು. ಗಾಜಿನ ಪೆಟ್ಟಿಗೆಯೊಳಗಿನದನ್ನು ನೋಡಲು ಮನುಷ್ಯ ಹೇಗೆಲ್ಲ ಬಗ್ಗುತ್ತಾನೆ, ಕುಕ್ಕರಿಸುತ್ತಾನೆ, ಕತ್ತು ತಿರುಚುತ್ತಾನೆ ಎಂದು ಫೋಟೋ ತೆಗೆದು ತೋರಿಸಿದರು. ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಮತ್ತೆ ಎರಡು ಹೆಜ್ಜೆ: ಒಂದೇ ಸಮನೆ ನಡೆಯುವುದಕ್ಕಿಂತ ಮಂಡಿಗೂ ಸೊಂಟಕ್ಕೂ ಇದೇ ಹೆಚ್ಚು ನೋವು ಕೊಡುತ್ತದೆ. ಬ್ರಿಟಿಷ್ ಮ್ಯೂಸಿಯಂನಂಥ ಕಡೆ ಗಾಲಿಕುರ್ಚಿಯನ್ನು ಬಾಡಿಗೆ ಇಲ್ಲದೆ ಕೊಡುತ್ತಾರೆ, ಕೆಲವು ಕಡೆ ಮಡಚುವ ಸ್ಟೂಲೂ ಸಿಗುತ್ತದೆ. ಒಳಗೆ ಹೋದ ಕೂಡಲೇ ಮಾಹಿತಿ ಮೇಜಿನಲ್ಲಿ ಕೇಳಿ, ಸಂಕೋಚ ಬೇಡ. ಊರೊಳಗೆ ಓಡಾಡಲು ಟ್ಯೂಬ್ ರೈಲಿಗಿಂತ ಬಸ್ಸು ವಾಸಿ. ಹಳೆಯ ಟ್ಯೂಬ್ ನಿಲ್ದಾಣಗಳಲ್ಲಿ ಮೆಟ್ಟಿಲು ವಿಪರೀತ. ಬಸ್ಸುಗಳ ನೆಲ ತಗ್ಗಿನಲ್ಲಿರುತ್ತದೆ, ಹತ್ತುವುದು ಸುಲಭ. ಮಗಳನ್ನು ಮಹಡಿಯ ಮುಂದಿನ ಸೀಟಿಗೆ ಕಳಿಸಿದರೆ ಅವಳಿಗೆ ಅದೇ ಒಂದು ಊರು ಸುತ್ತಾಟ.

ಮೊದಲ ದಿನ ಬ್ರಿಟಿಷ್ ಮ್ಯೂಸಿಯಂ. ಹ್ಯಾನ್ಸ್ ಸ್ಲೋನ್ ಎಂಬ ವೈದ್ಯರ ಸಂಗ್ರಹವನ್ನು ಆಧಾರವಾಗಿಟ್ಟುಕೊಂಡು 1753ರಲ್ಲಿ ಪಾರ್ಲಿಮೆಂಟ್ ಕಾಯ್ದೆ ಮಾಡಿ ಸ್ಥಾಪಿಸಿದ್ದು. 1759ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಒಳಹೊಕ್ಕ ಎಲ್ಲರೂ ಮೊದಲು ನುಗ್ಗುವುದು ರೊಸೆಟ್ಟಾ ಕಲ್ಲಿನತ್ತ. ಕ್ರಿ.ಪೂ. 196ರ ಶಾಸನ ಅದು. ಒಂದೇ ಆಜ್ಞೆಯನ್ನು ಮೂರು ಲಿಪಿಯಲ್ಲಿ ಕೊರೆದಿದ್ದರಿಂದ ಈಜಿಪ್ಟಿನ ಚಿತ್ರಲಿಪಿ ಓದುವ ದಾರಿ ತೆರೆಯಿತು. ನೋಡಬೇಕಾದ್ದೇ, ಆದರೆ ಸುತ್ತ ಮೊಬೈಲು ಎತ್ತಿದ ಕೈಗಳ ಕಾಡು. ಅದೇ ನೆಲ ಅಂತಸ್ತಿನಲ್ಲಿ ‘ಎನ್‌ಲೈಟನ್‌ಮೆಂಟ್ ಗ್ಯಾಲರಿ’ ಎಂಬ ಉದ್ದನೆಯ ಹಳೆಯ ಗ್ರಂಥಾಲಯದ ಕೋಣೆಯಿದೆ. ಅಲ್ಲಿ ಈ ಕಲ್ಲಿನ ತದ್ರೂಪಿ ಇಟ್ಟಿದ್ದಾರೆ, ಅದನ್ನು ಮುಟ್ಟಲೂಬಹುದು. ಅಕ್ಷರಗಳ ಮೇಲೆ ಮಗಳು ಬೆರಳಾಡಿಸಲಿ, ಆಮೇಲೆ ಹೋಗಿ ಅಸಲಿಯನ್ನು ಹೆಗಲುಗಳ ನಡುವಿನಿಂದ ಒಂದು ಸಲ ನೋಡಿಬಿಡಿ.

ನಾನಾದರೆ ಹೆಚ್ಚು ಹೊತ್ತು ಕೊಡುವುದು 10ನೇ ಕೋಣೆಗೆ. ಅಸ್ಸೀರಿಯಾದ ದೊರೆ ಅಶುರ್‌ಬನಿಪಾಲನ ನಿನೆವೆ ಅರಮನೆಯ ಗೋಡೆಗಳಲ್ಲಿದ್ದ ಸಿಂಹಬೇಟೆಯ ಉಬ್ಬುಶಿಲ್ಪ ಅಲ್ಲಿದೆ, ಸುಮಾರು ಕ್ರಿ.ಪೂ. 645ರ ಕೆಲಸ. ಬೇಟೆಯಾಡುವ ರಾಜನ ಮುಖದಲ್ಲಿ ಭಾವನೆಯೇ ಇಲ್ಲ. ಬಾಣ ನೆಟ್ಟು ಹಿಂಗಾಲು ಸತ್ತುಹೋದ ಹೆಣ್ಣುಸಿಂಹವೊಂದು ಮುಂಗಾಲ ಮೇಲೆ ಮೈ ಎಳೆದುಕೊಂಡು ಗರ್ಜಿಸುತ್ತಿದೆ. ರಾಜನನ್ನು ಹೊಗಳಲು ಕೂಲಿ ಪಡೆದ ಶಿಲ್ಪಿಯ ಮನಸ್ಸೆಲ್ಲ ಸಿಂಹದ ಕಡೆಗೇ ಇದ್ದ ಹಾಗೆ ಕಾಣುತ್ತದೆ. ಇಷ್ಟಿದ್ದೂ ಈ ಕೋಣೆಯಲ್ಲಿ ಎಷ್ಟೋ ಸಲ ಹತ್ತು ಜನರೂ ಇರುವುದಿಲ್ಲ.

ಮೇಲಂತಸ್ತಿನ 56ನೇ ಕೋಣೆ ನಿಮ್ಮ ಮಗಳಿಗಾಗಿ. ಲಿಫ್ಟ್ ಇದೆ. ಇರಾಕಿನ ಊರ್ ನಗರದ ರಾಜಸಮಾಧಿಗಳಲ್ಲಿ ಲಿಯೊನಾರ್ಡ್ ವೂಲಿ 1920ರ ದಶಕದಲ್ಲಿ ಅಗೆದು ತೆಗೆದ ಆಟದ ಮಣೆಯೊಂದು ಅಲ್ಲಿದೆ. ಕಪ್ಪೆಚಿಪ್ಪು, ನೀಲಿಕಲ್ಲು ಕೂಡಿಸಿದ ಇಪ್ಪತ್ತು ಮನೆ. ವಯಸ್ಸು ನಾಲ್ಕೂವರೆ ಸಾವಿರ ವರ್ಷ. ದಾಳ ಹಾಕಿ ಕಾಯಿ ನಡೆಸುವ, ಪಗಡೆಯ ಜಾತಿಯ ಆಟ. ಇದನ್ನು ಆಡುವುದು ಹೇಗೆಂಬುದು ಮರೆತೇಹೋಗಿತ್ತು. ಕ್ರಿ.ಪೂ. 177ರಲ್ಲಿ ಬ್ಯಾಬಿಲೋನಿನ ಲಿಪಿಕಾರನೊಬ್ಬ ಜೇಡಿಮಣ್ಣಿನ ಹಲಗೆಯ ಮೇಲೆ ಇದರ ನಿಯಮ ಬರೆದಿಟ್ಟಿದ್ದ. ಅದೇ ಮ್ಯೂಸಿಯಂನ ಕ್ಯುರೇಟರ್ ಅರ್ವಿಂಗ್ ಫಿಂಕಲ್ ಅದನ್ನು ಓದಿ ಅರ್ಥೈಸಿದರು. ನಿಯಮಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಹೊರಡುವ ಮೊದಲೇ ರಟ್ಟಿನ ಮೇಲೆ ಮಣೆ ಬರೆದು ಒಂದೆರಡು ಆಟ ಆಡಿಕೊಂಡು ಹೋಗಿ. ಆಡಿ ಗೊತ್ತಿರುವ ಮಗು ಆ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುವ ಬಗೆಯೇ ಬೇರೆ. ಮಮ್ಮಿಗಳ ಕೋಣೆಗೂ ಅವಳು ಎಳೆದೊಯ್ಯುತ್ತಾಳೆ, ಹೋಗಿ ಬನ್ನಿ, ತಡೆಯುವುದು ಸಾಧ್ಯವಿಲ್ಲ.

ಶಕ್ತಿ ಉಳಿದಿದ್ದರೆ 33ಎ ಕೋಣೆಯ ಅಮರಾವತಿ ಶಿಲ್ಪಗಳು. ಆಂಧ್ರದ ಬೌದ್ಧ ಸ್ತೂಪದ ಸುಣ್ಣಕಲ್ಲಿನ ಫಲಕಗಳು ಇಲ್ಲಿಗೆ ಬಂದ ಕಥೆಯೇ ಉದ್ದ. ಎಲ್ಗಿನ್ ಪ್ರಭು ಕಿತ್ತು ತಂದು, 1816ರಲ್ಲಿ ಪಾರ್ಲಿಮೆಂಟ್ ಕೊಂಡು ಮ್ಯೂಸಿಯಂಗೆ ಕೊಟ್ಟ ಅಥೆನ್ಸಿನ ಪಾರ್ಥೆನಾನ್ ಶಿಲ್ಪಗಳನ್ನು ಗ್ರೀಸ್ ಇವತ್ತಿಗೂ ವಾಪಸು ಕೇಳುತ್ತಿದೆ. ಆ ಜಗಳ ಎಲ್ಲರಿಗೂ ಗೊತ್ತು. ಅಮರಾವತಿಯ ಮುಂದೆ ನಿಲ್ಲುವವರು ಮಾತ್ರ ಕಡಿಮೆ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಲಿಂಕನ್ಸ್ ಇನ್ ಫೀಲ್ಡ್ಸ್ ಎಂಬ ಚೌಕದ ಬದಿಗೆ ಸರ್ ಜಾನ್ ಸೋನ್ ಮ್ಯೂಸಿಯಂ ಇದೆ. ನಿಮ್ಮ ಹತ್ತೊಂಬತ್ತರಲ್ಲಿ ಇದು ಇದೆಯೋ ಇಲ್ಲವೋ, ಇಲ್ಲದಿದ್ದರೆ ಸೇರಿಸಿ. ಸೋನ್ ವಾಸ್ತುಶಿಲ್ಪಿ. ತಾನು ಸತ್ತಾಗ ಮನೆ ಹೇಗಿರುತ್ತದೋ ಆದಷ್ಟೂ ಹಾಗೆಯೇ ಇಡಬೇಕು ಎಂದು 1833ರಲ್ಲಿ ಪಾರ್ಲಿಮೆಂಟಿನಿಂದ ಕಾಯ್ದೆಯನ್ನೇ ಮಾಡಿಸಿಕೊಂಡು 1837ರಲ್ಲಿ ತೀರಿಕೊಂಡರು. ಈಜಿಪ್ಟಿನ ಒಂದನೇ ಸೇಟಿಯ ಕಲ್ಲಿನ ಶವಪೆಟ್ಟಿಗೆಯನ್ನು ಬ್ರಿಟಿಷ್ ಮ್ಯೂಸಿಯಂ ದುಬಾರಿಯೆಂದು ಬೇಡವೆಂದಿತ್ತು. 1824ರಲ್ಲಿ ಇವರು 2,000 ಪೌಂಡ್ ಕೊಟ್ಟು ತಂದು ನೆಲಮಾಳಿಗೆಯಲ್ಲಿಟ್ಟರು. ಅದನ್ನು ತೋರಿಸಲೆಂದೇ ಮೂರು ರಾತ್ರಿ ದೀಪ ಹಚ್ಚಿ ಔತಣ ಕೊಟ್ಟರು. ಚಿತ್ರಗಳ ಕೋಣೆಯ ಗೋಡೆಗಳು ಕದದಂತೆ ತೆರೆದುಕೊಳ್ಳುತ್ತವೆ, ಒಂದರ ಹಿಂದೆ ಇನ್ನೊಂದು ಪದರ ಚಿತ್ರ. ಸಿಬ್ಬಂದಿ ಗೋಡೆ ತೆರೆಯುವ ತನಕ ಕಾದಿದ್ದು ನೋಡಿ. ಪ್ರವೇಶ ಉಚಿತ, ಆದರೆ ಓಣಿಗಳು ಕಿರಿದು, ಒಂದು ಸಲಕ್ಕೆ ಕೆಲವರನ್ನೇ ಬಿಡುತ್ತಾರೆ. ಸೋಮವಾರ, ಮಂಗಳವಾರ ಬಾಗಿಲು ಹಾಕಿರುತ್ತದೆ.

ಎರಡನೇ ದಿನ ಸೌತ್ ಕೆನ್ಸಿಂಗ್‌ಟನ್. ಮೂರು ದೊಡ್ಡ ಮ್ಯೂಸಿಯಂಗಳು ಅಕ್ಕಪಕ್ಕದಲ್ಲೇ ಇವೆ, ಮೂರನ್ನೂ ಒಂದೇ ದಿನ ಮುಗಿಸುತ್ತೇನೆಂಬ ಹಟ ಬೇಡ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಬಿಡುವ ಹಾಗಿಲ್ಲ; ಕನ್ನಡದವರಿಗಂತೂ ಅಲ್ಲಿ ಟಿಪ್ಪುವಿನ ಹುಲಿ ಇದೆ. ಯುರೋಪಿನ ಸಿಪಾಯಿಯೊಬ್ಬನ ಮೇಲೆರಗಿ ಕುತ್ತಿಗೆಗೆ ಬಾಯಿ ಹಾಕಿದ, ಹೆಚ್ಚುಕಮ್ಮಿ ನಿಜವಾದ ಹುಲಿಯಷ್ಟೇ ದೊಡ್ಡ ಮರದ ಗೊಂಬೆ. ಹಿಡಿ ತಿರುಗಿಸಿದರೆ ಸಿಪಾಯಿಯ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳುತ್ತವೆ. ಹೊಟ್ಟೆಯ ಪಕ್ಕದ ಮುಚ್ಚಳ ತೆಗೆದರೆ ಒಳಗೆ ಪುಟ್ಟ ಆರ್ಗನ್ ವಾದ್ಯ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯ ಜೊತೆ ಹೊರಟು, 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಪ್ರದರ್ಶನಕ್ಕಿತ್ತು. ಅಲ್ಲಿಗೆ ಬಂದವರೆಲ್ಲ ಹಿಡಿ ತಿರುಗಿಸಿ ಅಲ್ಲಿನ ಗ್ರಂಥಾಲಯದಲ್ಲಿ ಓದುವವರಿಗೆ ಕಾಟ ಕೊಡುತ್ತಿದ್ದರಂತೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಮಾಡು ಕುಸಿದು ಹುಲಿ ಚೂರಾಯಿತು. ಚೂರುಗಳನ್ನು ಕೂಡಿಸಿ ಮತ್ತೆ ನಿಲ್ಲಿಸಿದ್ದಾರೆ. ಈಗ ಹಿಡಿ ಮುಟ್ಟಲು ಬಿಡುವುದಿಲ್ಲ, ಆದರೆ ಅದು ನುಡಿಯುವ ವಿಡಿಯೊ ನೋಡಲು ಸಿಗುತ್ತದೆ. ಲೇಬಲ್ಲನ್ನು ಪೂರ್ತಿ ಓದಿ, ಮಗಳಿಗೂ ಓದಿಸಿ. ಯಾರು ಮಾಡಿಸಿದ್ದು, ಯಾವಾಗ, ಹೇಗೆ ಇಲ್ಲಿಗೆ ಬಂತು ಎನ್ನುವುದರಲ್ಲಿ ಲೇಬಲ್ ಎಷ್ಟು ಹೇಳುತ್ತದೆ, ಎಷ್ಟು ನುಂಗಿಕೊಳ್ಳುತ್ತದೆ ಎಂದು ನೋಡುವುದನ್ನು ಅವಳು ಈ ವಯಸ್ಸಿಗೇ ಕಲಿಯಬಹುದು.

ಅದೇ ಕಟ್ಟಡದ ‘ಕಾಸ್ಟ್ ಕೋರ್ಟ್ಸ್’ ಎಂಬ ಎರಡು ಭಾರಿ ಹಜಾರಗಳು 1873ರಲ್ಲಿ ತೆರೆದವು. ಅಲ್ಲಿರುವುದೆಲ್ಲ ನಕಲು, ಯುರೋಪಿನ ಪ್ರಸಿದ್ಧ ಶಿಲ್ಪಗಳ ಗಾರೆಯ ಅಚ್ಚು. ರೋಮಿನ ಟ್ರಾಜನ್ ಸ್ತಂಭ ಸೂರಿನೊಳಗೆ ಹಿಡಿಸದೆ ಎರಡು ತುಂಡಾಗಿ ನಿಂತಿದೆ. ನಕಲೆಂದು ಮೂಗು ಮುರಿಯಬೇಡಿ: ರೋಮಿನಲ್ಲಿ ಬಯಲಲ್ಲಿ ನಿಂತ ಅಸಲಿ ಮಳೆಗೂ ಹೊಗೆಗೂ ಸವೆದಿದೆ, ಹತ್ತೊಂಬತ್ತನೇ ಶತಮಾನದಲ್ಲಿ ತೆಗೆದ ಅಚ್ಚಿನಲ್ಲಿ ಆಗಿನ ಗೆರೆಗಳು ಉಳಿದಿವೆ. ಇರಾನಿನ ಅರ್ದಬಿಲ್ ರತ್ನಗಂಬಳಿಯನ್ನೂ ನೋಡಿ. ಬಣ್ಣ ಮಾಸಬಾರದೆಂದು ಪ್ರತಿ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಚ್ಚುತ್ತಾರೆ. ಸುತ್ತ ಬೆಂಚುಗಳಿರುವುದರಿಂದ ಯಜಮಾನರಿಗೆ ಹೇಳಿ ಮಾಡಿಸಿದ ಜಾಗ.

ಮಧ್ಯಾಹ್ನಕ್ಕೆ ನ್ಯಾಚುರಲ್ ಹಿಸ್ಟರಿ ಅಥವಾ ಸೈನ್ಸ್, ಎರಡರಲ್ಲಿ ಒಂದು. ಆಯ್ಕೆ ಮಗಳಿಗೇ ಬಿಡಿ. ಮೊದಲನೆಯದರ ಹಜಾರದಲ್ಲಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ಬಾಯಿ ತೆರೆದು ಕೆಳಗೆ ಧುಮುಕುತ್ತಿದೆ. 1891ರಲ್ಲಿ ಐರ್ಲೆಂಡಿನ ದಡಕ್ಕೆ ಬಂದು ಸಿಕ್ಕಿಬಿದ್ದದ್ದು, 2017ರಿಂದ ಅಲ್ಲಿ ತೂಗುತ್ತಿದೆ. ಎರಡನೆಯದರಲ್ಲಿ ಚಂದ್ರನನ್ನು ಸುತ್ತಿ ಬಂದ ಅಪೊಲೊ 10ರ ಕೋಶ ಇದೆ, ಚಾರ್ಲ್ಸ್ ಬ್ಯಾಬೇಜ್ ಕಾಗದದ ಮೇಲೆ ಬರೆದಿಟ್ಟು ಹೋದ ಲೆಕ್ಕದ ಯಂತ್ರವನ್ನು 1991ರಲ್ಲಿ ಮ್ಯೂಸಿಯಂನವರೇ ಮಾಡಿ ನಿಲ್ಲಿಸಿದ್ದಾರೆ. ಬ್ಯಾಬೇಜರ ಅರ್ಧ ಮೆದುಳೂ ಅಲ್ಲಿದೆ! ಇನ್ನರ್ಧ ಹಂಟೇರಿಯನ್ ಮ್ಯೂಸಿಯಂನಲ್ಲಿ. ಹನ್ನೊಂದರ ವಯಸ್ಸಿಗೆ ಇದಕ್ಕಿಂತ ದೊಡ್ಡ ಆಕರ್ಷಣೆ ಬೇಕೆ?

ನ್ಯಾಷನಲ್ ಗ್ಯಾಲರಿಗೆ ಶುಕ್ರವಾರ ಸಂಜೆ ಹೋಗಿ, ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ, ಜನ ತೆಳುವಾಗಿರುತ್ತಾರೆ. ಮೂರೇ ಚಿತ್ರ ಸಾಕು. ವಾನ್ ಐಕ್ 1434ರಲ್ಲಿ ಬರೆದ ದಂಪತಿಯ ಚಿತ್ರದಲ್ಲಿ ಹಿಂದಿನ ಗೋಡೆಯ ಪುಟ್ಟ ಕನ್ನಡಿಯನ್ನು ಹುಡುಕಿ, ಅದರೊಳಗೆ ಇಡೀ ಕೋಣೆ ಬೆನ್ನ ಕಡೆಯಿಂದ ಕಾಣುತ್ತದೆ. 1533ರಲ್ಲಿ ಹೋಲ್ಬೈನ್ ಬರೆದ ‘ರಾಯಭಾರಿಗಳು’ ಚಿತ್ರದ ಕೆಳಗೆ ಅಡ್ಡಾದಿಡ್ಡಿ ಬೂದುಬಣ್ಣದ ಕಲೆಯಿದೆ. ಬಲಬದಿಗೆ ಹೋಗಿ ಗೋಡೆಗೆ ಹತ್ತಿರ ನಿಂತು ಓರೆಯಾಗಿ ನೋಡಿದರೆ ಅದು ತಲೆಬುರುಡೆಯಾಗುತ್ತದೆ. ಮೂರನೆಯದು ವಾನ್ ಗೋನ 1888ರ ಸೂರ್ಯಕಾಂತಿ.

ವಾನ್ ಗೋ ಹೆಸರು ಬಂದದ್ದರಿಂದ ನಿಮ್ಮ ಟಿಕೆಟ್ಟಿನ ಪ್ರಶ್ನೆಗೆ ಬರುತ್ತೇನೆ. ಕತ್ತಲ ಹಜಾರದ ಗೋಡೆಗಳ ಮೇಲೆ ಪ್ರೊಜೆಕ್ಟರಿನಿಂದ ಚಿತ್ರ ಹರಿಸಿ ‘ಚಿತ್ರದೊಳಗೇ ನಡೆಯಿರಿ’ ಎನ್ನುವ ಪ್ರದರ್ಶನಗಳು ಎಲ್ಲ ದೊಡ್ಡ ನಗರಗಳಲ್ಲೂ ನಡೆಯುತ್ತಿವೆ. ಅಲ್ಲಿ ಅಸಲಿ ಚಿತ್ರ ಒಂದೂ ಇರುವುದಿಲ್ಲ. ಅಸಲಿ ಸೂರ್ಯಕಾಂತಿ ಪುಕ್ಕಟೆ ಸಿಗುವ ಊರಿನಲ್ಲಿ ಅದಕ್ಕೆ ಪೌಂಡ್ ಸುರಿಯಲು ನಾನು ಹೇಳಲಾರೆ.

ಮ್ಯೂಸಿಯಂಗಳೇ ನಡೆಸುವ ವಿಶೇಷ ಪ್ರದರ್ಶನಗಳ ವಿಷಯ ಬೇರೆ. ಪ್ರದರ್ಶನದ ವಿವರ ಓದುವಾಗ ವಸ್ತುಗಳು ಎಲ್ಲಿಂದ ಬಂದಿವೆ ಎಂಬುದನ್ನು ನೋಡಿ. ಬಹುಪಾಲು ಆ ಮ್ಯೂಸಿಯಂನದೇ ಆಗಿದ್ದರೆ ನಿಮ್ಮ ನಾಲ್ಕು ದಿನದಲ್ಲಿ ಅದಕ್ಕೆ ಜಾಗವಿಲ್ಲ. ನಾಲ್ಕಾರು ದೇಶಗಳಿಂದ ಎರವಲು ತಂದು ಒಂದೆಡೆ ಸೇರಿಸಿದ್ದರೆ, ಅವು ಮತ್ತೆ ಹಾಗೆ ಕೂಡುವುದು ಅನುಮಾನ, ಆಗ ಟಿಕೆಟ್ ದುಬಾರಿಯಲ್ಲ. 1972ರಲ್ಲಿ ತುತಾಂಖಮುನ್‌ನ ಚಿನ್ನದ ಮುಖವಾಡ ಬ್ರಿಟಿಷ್ ಮ್ಯೂಸಿಯಂಗೆ ಬಂದಾಗ ಹದಿನಾರು ಲಕ್ಷಕ್ಕೂ ಹೆಚ್ಚು ಜನ ಗಂಟೆಗಟ್ಟಲೆ ಸರದಿಯಲ್ಲಿ ನಿಂತು ನೋಡಿದ್ದರು. ಈಗ ಅದರಂಥ ಇನ್ನೊಂದು ಅವಕಾಶವಿದೆ: ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ 1066ರ ಯುದ್ಧದ ಕಥೆಯನ್ನು ಸುಮಾರು 70 ಮೀಟರ್ ಬಟ್ಟೆಯ ಮೇಲೆ ಕಸೂತಿ ಹಾಕಿದ ಬೇಯೂ ಟ್ಯಾಪೆಸ್ಟ್ರಿ ಫ್ರಾನ್ಸಿನಿಂದ ಬ್ರಿಟಿಷ್ ಮ್ಯೂಸಿಯಂಗೆ ಎರವಲು ಬರಲಿದೆಯೆಂದು 2025ರಲ್ಲಿ ಘೋಷಿಸಿದರು. ಅವಧಿ 2026ರ ಸೆಪ್ಟೆಂಬರ್‌ನಿಂದ 2027ರ ಜುಲೈ. ನಿಮ್ಮ ಪ್ರಯಾಣ ಅದರೊಳಗೆ ಬಿದ್ದರೆ ಮೊದಲು ಆ ಟಿಕೆಟ್ ಹಿಡಿಯಿರಿ. ಅದಕ್ಕೆ ಬದಲಾಗಿ ಈ ಮ್ಯೂಸಿಯಂನಿಂದ, ಇಂಗ್ಲೆಂಡಿನ ಹಳೆಯ ಸಮಾಧಿಯೊಂದರಲ್ಲಿ ಸಿಕ್ಕ ಸಟ್ಟನ್ ಹೂ ನಿಧಿಯನ್ನೂ ಮಧ್ಯಯುಗದ ಲೂಯಿಸ್ ಚದುರಂಗದ ಕಾಯಿಗಳನ್ನೂ ಫ್ರಾನ್ಸಿಗೆ ಕಳಿಸುವ ಒಪ್ಪಂದವಿದೆ. ಅವನ್ನೇ ನೋಡಲೆಂದು ಹೋದವರು ಖಾಲಿ ಪೆಟ್ಟಿಗೆ ನೋಡಬೇಕಾದೀತು.

ಹೀಗಾಗಬಾರದೆಂದರೆ ಒಂದು ಕೆಲಸ ಮಾಡಿ. ಈ ಎಲ್ಲ ಮ್ಯೂಸಿಯಂಗಳ ಜಾಲತಾಣದಲ್ಲಿ ಸಂಗ್ರಹವನ್ನು ಹುಡುಕುವ ಪುಟವಿದೆ. ವಸ್ತುವಿನ ಹೆಸರು ಕೊಟ್ಟರೆ ಅದು ಈಗ ಪ್ರದರ್ಶನದಲ್ಲಿದೆಯೇ, ಯಾವ ಕೋಣೆಯಲ್ಲಿ ಎಂದು ತೋರಿಸುತ್ತದೆ. ಗ್ಯಾಲರಿಗಳನ್ನು ನವೀಕರಣಕ್ಕೆಂದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಚ್ಚುವುದು ಅಲ್ಲಿ ಮಾಮೂಲು. ಟಿಪ್ಪುವಿನ ಹುಲಿಯನ್ನೂ ಹೊರಡುವ ವಾರ ಹೀಗೆ ಹುಡುಕಿಕೊಂಡೇ ಹೋಗಿ.

ಮೂರನೇ ದಿನ ಟವರ್ ಆಫ್ ಲಂಡನ್ ಎಂಬ ಹಳೆಯ ಕೋಟೆ. ಇದಕ್ಕೆ ಟಿಕೆಟ್ ಕೊಡಲೇಬೇಕು, ಕೊಡಿ. ಬಾಗಿಲು ತೆರೆಯುವ ಹೊತ್ತಿಗೆ ತಲುಪಿ ನೇರ ರಾಜಮನೆತನದ ಒಡವೆಗಳ ಕಟ್ಟಡಕ್ಕೆ ನಡೆಯಿರಿ, ಹತ್ತೂವರೆಯ ಮೇಲೆ ಸರದಿ ಬೆಳೆಯುತ್ತದೆ. ಕಿರೀಟಗಳ ಮುಂದೆ ನೆಲವೇ ಚಲಿಸಿ ನಿಮ್ಮನ್ನು ಮುಂದೊಯ್ಯುತ್ತದೆ. ಕೊಹಿನೂರ್ ಇರುವುದು 1937ರಲ್ಲಿ ಮಾಡಿಸಿದ ರಾಣಿಯ ಕಿರೀಟದಲ್ಲಿ. 1849ರಲ್ಲಿ ಪಂಜಾಬಿನ ಬಾಲಕ ದೊರೆ ದುಲೀಪ್ ಸಿಂಗನಿಂದ ಬರೆಸಿಕೊಂಡದ್ದು, 1852ರಲ್ಲಿ ಮತ್ತೆ ಕೊರೆದು 105.6 ಕ್ಯಾರೆಟ್‌ಗೆ ಇಳಿಸಿದ್ದು. ನೋಡಿದವರು ‘ಇಷ್ಟೇನಾ’ ಅನ್ನುವುದುಂಟು. ನಡುವಿನ ವೈಟ್ ಟವರ್‌ನ ಮೆಟ್ಟಿಲು ಯಜಮಾನರಿಗೆ ಬೇಡ, ಅವರು ಅಂಗಳದಲ್ಲಿ ಕಾಗೆಗಳನ್ನು ನೋಡುತ್ತ ಕೂರಲಿ.

ನಾಲ್ಕನೇ ದಿನವನ್ನು ಗ್ರೀನಿಚ್‌ಗೆ ಇಡುವುದಾದರೆ ಥೇಮ್ಸ್ ನದಿಯ ದೋಣಿಯಲ್ಲಿ ಹೋಗಿ. ಅಲ್ಲಿನ ಖಗೋಳ ವೀಕ್ಷಣಾಲಯ ಗುಡ್ಡದ ಮೇಲಿದೆ, ಏರು ಕಡಿದು, ಒಳಗೆ ಹೋಗಲು ಟಿಕೆಟ್. ಜಾನ್ ಹ್ಯಾರಿಸನ್ ಎಂಬ ಬಡಗಿ ಸಮುದ್ರದ ಮೇಲೆ ರೇಖಾಂಶ ಅಳೆಯಲೆಂದು ಮಾಡಿದ ನಾಲ್ಕು ಗಡಿಯಾರಗಳಲ್ಲಿ ಆಸಕ್ತಿಯಿದ್ದರೆ ಮಾತ್ರ ಹತ್ತಿ. ನಾಲ್ಕನೆಯದು ಜಮೈಕಾ ಪ್ರಯಾಣದ 81 ದಿನಗಳಲ್ಲಿ ಹಿಂದೆ ಬಿದ್ದದ್ದು ಐದೇ ಸೆಕೆಂಡು. ಬರೀ ಸೊನ್ನೆ ರೇಖಾಂಶದ ಗೆರೆಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳಲಾದರೆ ಅಷ್ಟು ಕಷ್ಟ ಬೇಡ. ಮೊಬೈಲಿನ ಜಿಪಿಎಸ್ ಸೊನ್ನೆ ತೋರಿಸುವುದು ಆ ಗೆರೆಯಿಂದ ಸುಮಾರು 102 ಮೀಟರ್ ಪೂರ್ವಕ್ಕೆ, ಪಾರ್ಕಿನ ಹುಲ್ಲಿನಲ್ಲಿ! ಗುಡ್ಡದ ಕೆಳಗಿನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ ಉಚಿತ, ಟ್ರಫಾಲ್ಗರ್ ಕಾಳಗದಲ್ಲಿ ಗುಂಡು ತೂತು ಮಾಡಿದ, ನೌಕಾ ಸೇನಾಪತಿ ನೆಲ್ಸನ್‌ನ ಕೋಟು ಅಲ್ಲಿದೆ.

ಈ ನಾಲ್ಕನೇ ದಿನಕ್ಕೆ ನನ್ನ ಸ್ವಂತ ಆಯ್ಕೆ ಗ್ರೀನಿಚ್ ಅಲ್ಲ. 2025ರ ಮೇ 31ರಂದು ಒಲಿಂಪಿಕ್ ಪಾರ್ಕಿನಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನವರು ತಮ್ಮ ಉಗ್ರಾಣವನ್ನೇ ಜನರಿಗೆ ತೆರೆದರು, ಹೆಸರು ವಿ ಅಂಡ್ ಎ ಈಸ್ಟ್ ಸ್ಟೋರ್‌ಹೌಸ್. ಕಪಾಟುಗಳ ನಡುವೆಯೇ ಓಡಾಡಬಹುದು. ಆಗ್ರಾ ಕೋಟೆಯ ಸ್ನಾನಗೃಹದ ಅಮೃತಶಿಲೆಯ ಕಂಬಸಾಲು ಅಲ್ಲಿ ನಿಂತಿದೆ. ಅದಕ್ಕಿಂತ ಹೆಚ್ಚಾಗಿ, ಜಾಲತಾಣದಲ್ಲಿ ಐದು ವಸ್ತುಗಳವರೆಗೆ ಆರಿಸಿ ಕಡೇ ಪಕ್ಷ ಎರಡು ವಾರ ಮೊದಲೇ ಕೋರಿಕೆ ಕೊಟ್ಟರೆ, ಅವನ್ನು ಕಪಾಟಿನಿಂದ ತೆಗೆದು ನಿಮ್ಮ ಮುಂದಿನ ಮೇಜಿನ ಮೇಲಿಡುತ್ತಾರೆ. ಗಾಜಿನ ಅಡ್ಡಿ ಇರುವುದಿಲ್ಲ, ಕುರ್ಚಿ ಹಾಕಿಕೊಂಡು ಕೂತು ನೋಡಬಹುದು. ಸೀರೆ, ಕಸೂತಿ, ಹಳೆಯ ಗೊಂಬೆ, ಮಗಳಿಗೆ ಯಾವುದು ಇಷ್ಟವೋ ಅವಳೇ ಆರಿಸಲಿ. ಇದಕ್ಕೂ ದುಡ್ಡಿಲ್ಲ.

ಬಿಡಬಹುದಾದವು: ಮೇಣದ ಬೊಂಬೆಗಳು, ಬಂದೀಖಾನೆಯ ಹೆದರಿಕೆ ಆಟಗಳು, ಲಂಡನ್ ಐ ಎಂಬ ದೈತ್ಯ ಚಕ್ರ. ಎತ್ತರದಿಂದ ಊರು ನೋಡಲೇಬೇಕೆಂದರೆ ಫೆನ್‌ಚರ್ಚ್ ಬೀದಿಯ ಸ್ಕೈ ಗಾರ್ಡನ್ ಉಚಿತ, ಮುಂಚಿತವಾಗಿ ಸಮಯ ಕಾದಿರಿಸಿಕೊಂಡರಾಯಿತು. ಟೇಟ್ ಮಾಡರ್ನ್ ಇಷ್ಟವಾದವರಿಗೆ ಇಷ್ಟ. ಹಳೆಯ ವಿದ್ಯುತ್ ಸ್ಥಾವರದ ಟರ್ಬೈನ್ ಹಜಾರವನ್ನು ಒಂದು ಸುತ್ತು ನೋಡಿ ಹೊರಬಂದರೂ ನಷ್ಟವಿಲ್ಲ.

ಕಾದಿರಿಸುವ ಕ್ರಮ ಹೀಗಿರಲಿ: ಬೇಯೂ ಟ್ಯಾಪೆಸ್ಟ್ರಿಯ ಟಿಕೆಟ್ ಬೇಕಾದರೆ ಅದು ಎಲ್ಲಕ್ಕಿಂತ ಮೊದಲು, ಆಮೇಲೆ ಸ್ಟೋರ್‌ಹೌಸ್‌ನ ಕೋರಿಕೆ, ಟವರ್‌ನ ಟಿಕೆಟ್ಟು, ಬೇರೆ ವಿಶೇಷ ಪ್ರದರ್ಶನ ಇದ್ದರೆ ಅದು, ನಂತರ ಸ್ಕೈ ಗಾರ್ಡನ್. ಬ್ರಿಟಿಷ್ ಮ್ಯೂಸಿಯಂ ಮತ್ತು ನ್ಯಾಚುರಲ್ ಹಿಸ್ಟರಿಗೆ ಉಚಿತ ಪ್ರವೇಶಕ್ಕೂ ಜಾಲತಾಣದಲ್ಲಿ ಸಮಯ ಗೊತ್ತುಮಾಡಿಕೊಳ್ಳಬಹುದು, ಬಾಗಿಲಲ್ಲಿ ಕಾಯುವುದು ತಪ್ಪುತ್ತದೆ. ಊರಿಗೆ ಹೊರಡುವ ದಿನ ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಮ್ಯೂಸಿಯಂಗೆ ಹೋಗಬೇಡಿ, ಬ್ರಿಟಿಷ್ ಮ್ಯೂಸಿಯಂನಲ್ಲಿ ಒಳಗೇ ಬಿಡುವುದಿಲ್ಲ.